ಕೊಂಬು ಮತ್ತು ಕೋಡು: ಪದೇ ಪದೇ ಕೇಳುವ ಪ್ರಶ್ನೆಗಳು

ಹಸುವಿನ ತಲೆ ಮೇಲಿರುವುದು ಕೊಂಬು. ಅಡುಗೆಮನೆಯ ಡಬ್ಬಿಯಲ್ಲಿರುವ ಇಡೀ ಅರಿಶಿನವೂ ಕೊಂಬು. ಒಂದನೇ ಕ್ಲಾಸಿನಲ್ಲಿ ‘ಕ’ವನ್ನು ‘ಕು’ ಮಾಡಿದ್ದೂ ಕೊಂಬು. ಜಾತ್ರೆಯಲ್ಲಿ ಊದುವುದೂ ಅದೇ. ಸಿಟ್ಟು ಬಂದಾಗ ಎದುರಿನವರ ತಲೆ ಮೇಲೆ ನಾವು ಹುಡುಕುವುದೂ ಅದನ್ನೇ. ಇಷ್ಟು ಕಡೆ ಓಡಾಡುವ ಪದದ ಬಗ್ಗೆ ಪ್ರಶ್ನೆಗಳೂ ಜಾಸ್ತಿ. ಅವುಗಳಲ್ಲಿ ಕೆಲವು ಇಲ್ಲಿವೆ.

ಕೊಂಬು ಅಂದರೆ ಸರಿಯಾಗಿ ಏನು? ಮೂಳೆಯೋ, ಉಗುರೋ?

ಎರಡೂ ಹೌದು. ಹಸು, ಎಮ್ಮೆ, ಕುರಿ, ಆಡು, ಕಾಟಿ, ಕೃಷ್ಣಮೃಗ ಇವುಗಳ ಕೊಂಬಿನ ಒಳಗೆ ತಲೆಬುರುಡೆಯಿಂದಲೇ ಹೊರಟ ಮೂಳೆ ಇರುತ್ತದೆ. ಅದರ ಮೇಲೊಂದು ಗಟ್ಟಿ ಕವಚ. ಆ ಕವಚ ಕೆರಾಟಿನ್‌ನಿಂದ ಆದದ್ದು. ನಮ್ಮ ಉಗುರು, ಕೂದಲು, ದನದ ಗೊರಸು ಆಗಿರುವುದೂ ಅದರಿಂದಲೇ. ಕವಚಕ್ಕೆ ನೋವು ಗೊತ್ತಾಗುವುದಿಲ್ಲ. ಜಾತ್ರೆಗೆ ಮುಂಚೆ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ತುದಿಗೆ ಹಿತ್ತಾಳೆ ಅಣಸು ಹಾಕಲು ಆಗುವುದು ಅದಕ್ಕೇ.

ಒಳಗಿನ ಮೂಳೆಯ ಕಥೆ ಬೇರೆ. ಅಲ್ಲಿ ರಕ್ತ ಇದೆ, ನರ ಇದೆ. ಬೆಳೆದ ದನದಲ್ಲಿ ಹಣೆಯೊಳಗಿನ ಗಾಳಿಯ ಪೊಳ್ಳು ಕೊಂಬಿನ ಮೂಳೆಯವರೆಗೂ ಚಾಚಿರುತ್ತದೆ. ಹಾಗಾಗಿ ಬುಡದಲ್ಲಿ ಮುರಿದ ಕೊಂಬಿಗೆ ಸುಮ್ನೆ ಅರಿಶಿನ ಮೆತ್ತಿ ಬಿಡಬೇಡಿ. ಪಶುವೈದ್ಯರಿಗೆ ತೋರಿಸಿ.

ಕೊಂಬಿನ ಬುಡದ ಉಂಗುರ ಎಣಿಸಿ ಹಸುವಿನ ವಯಸ್ಸು ಹೇಳುವವರೂ ಇದ್ದಾರೆ. ಕರು ಹಾಕಿದ ಹಾಗೆಲ್ಲ ಒಂದೊಂದು ಉಂಗುರ ಮೂಡುತ್ತದೆ ಅನ್ನುವುದು ಆ ಲೆಕ್ಕ. ಹೆರೆದುಬಿಟ್ಟರೆ ಉಂಗುರವೂ ಹೋಯಿತು, ಲೆಕ್ಕವೂ ಹೋಯಿತು. ದನದ ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುವುದೇ ವಾಸಿ.

ಜಿಂಕೆಗೆ, ಘೇಂಡಾಮೃಗಕ್ಕೆ ಇರುವುದೂ ಕೊಂಬೇನಾ?

ಮಾತಿನಲ್ಲಿ ಹೌದು. ದೇಹದ ಲೆಕ್ಕದಲ್ಲಿ ಅಲ್ಲ. ಚುಕ್ಕೆ ಜಿಂಕೆ ಮತ್ತು ಕಡವೆಯ ಕವಲು ಕೊಂಬು ಪೂರ್ತಿ ಮೂಳೆ. ಬೆಳೆಯುವಾಗ ಅದರ ಮೇಲೆ ಮೃದುವಾದ, ರೋಮ ಇರುವ ಚರ್ಮ ಇರುತ್ತದೆ. ಬೆಳೆದು ಮುಗಿದ ಮೇಲೆ ಆ ಚರ್ಮ ಒಣಗಿ ಉದುರುತ್ತದೆ. ಮುಂದೆ ಕೊಂಬೂ ಉದುರಿ ಹೊಸದು ಬರುತ್ತದೆ. ಹಸುವಿನ ಕೊಂಬು ಹೀಗೆ ಉದುರಿ ಮತ್ತೆ ಬರುವುದಿಲ್ಲ. ಕಾಜಿರಂಗದ ಘೇಂಡಾಮೃಗದ ಒಂಟಿ ಕೊಂಬಿನಲ್ಲಿ ಮೂಳೆಯೇ ಇಲ್ಲ, ಪೂರ್ತಿ ಕೆರಾಟಿನ್. ಇದರಲ್ಲಿ ಔಷಧದ ಗುಣವಿದೆ ಎಂಬ ನಂಬಿಕೆಗೆ ಆ ಪ್ರಾಣಿಗಳು ಬಲಿಯಾಗಿವೆ. 2021ರ ಸೆಪ್ಟೆಂಬರ್‌ನಲ್ಲಿ ಅಸ್ಸಾಂ ಸರ್ಕಾರ ತನ್ನ ಬಳಿ ಕೂಡಿಬಿದ್ದಿದ್ದ 2,479 ಘೇಂಡಾಮೃಗದ ಕೊಂಬುಗಳನ್ನು ಎಲ್ಲರೆದುರೇ ಸುಟ್ಟುಹಾಕಿತು. ಉಗುರಿಗೂ ಅದಕ್ಕೂ ವ್ಯತ್ಯಾಸವಿಲ್ಲ ಅಂತ ಹೇಳಲು ಇದಕ್ಕಿಂತ ನೇರ ದಾರಿ ನನಗಂತೂ ಹೊಳೆಯುವುದಿಲ್ಲ.

ಅಂದ ಹಾಗೆ, ಕಾಡಿನಲ್ಲಿ ತಾನಾಗಿ ಉದುರಿದ ಜಿಂಕೆ ಕೊಂಬು ಸಿಕ್ಕಿತು ಅಂತ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸಾಗುತ್ತದೆ. ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮೇಲೆ ಕೇಸಾಗಿ 2023ರಲ್ಲಿ ಎದ್ದ ಗಲಾಟೆ ನೆನಪಿದೆ ಅಲ್ವಾ?

ಆನೆಗೆ ಕೊಂಬು ಅನ್ನಬಹುದಾ? ಅದು ಹಲ್ಲಲ್ವಾ?

ಹಲ್ಲೇ. ಮೇಲಿನ ದವಡೆಯ ಬಾಚಿಹಲ್ಲು ಉದ್ದ ಬೆಳೆದು ಹೊರಗೆ ಬಂದದ್ದು. ಕನ್ನಡದಲ್ಲಿ ನಾವು ಈಗ ಹೆಚ್ಚಾಗಿ ದಂತ ಅನ್ನುತ್ತೇವೆ. ಆದರೆ ದ್ರಾವಿಡ ಭಾಷೆಗಳು ಇದನ್ನು ಕೊಂಬಿನ ಸಾಲಿಗೇ ಸೇರಿಸಿವೆ. ಮಲಯಾಳಂನಲ್ಲಿ ಆನೆಯ ದಂತವೂ ಕೊಂಬು, ದಂತ ಇರುವ ಗಂಡಾನೆ ಕೊಂಬನ್. ಇಡುಕ್ಕಿಯ ಚಿನ್ನಕ್ಕನಾಲ್ ಸುತ್ತಮುತ್ತ ಅಂಗಡಿ, ಮನೆಗೆ ನುಗ್ಗಿ ಅಕ್ಕಿ ತಿನ್ನುತ್ತಿದ್ದ ಆನೆಯನ್ನು 2023ರಲ್ಲಿ ಹಿಡಿದು ಸಾಗಿಸಿದ ಸುದ್ದಿ ನೀವೂ ನೋಡಿರಬಹುದು. ಅದರ ಹೆಸರು ಅರಿಕೊಂಬನ್. ಅರಿ ಎಂದರೆ ಅಕ್ಕಿ, ಕೊಂಬನ್ ಎಂದರೆ ಕೊಂಬಿನ ಆನೆ. ಹೆಸರಿಟ್ಟವರಿಗೆ ಅದು ಹಲ್ಲೋ ಕೊಂಬೋ ಅನ್ನುವ ಚಿಂತೆ ಇರಲಿಲ್ಲ. ಮುಖದಿಂದ ಮುಂದಕ್ಕೆ ಚಾಚಿದೆ, ತಿವಿಯುತ್ತದೆ, ಅಷ್ಟು ಸಾಕು.

ಕೊಂಬು ಎಂಬ ಪದ ಸಂಸ್ಕೃತದಿಂದ ಬಂದದ್ದಾ?

ಅಲ್ಲ. ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳಂ, ತುಳುಗಳಲ್ಲೂ ಕೊಂಬು ಇದೆ. ತೆಲುಗಿನಲ್ಲಿ ಕೊಮ್ಮು. ಸಂಸ್ಕೃತದ ಪದಗಳು ಶೃಂಗ ಮತ್ತು ವಿಷಾಣ. ಇವುಗಳಿಗೂ ಕೊಂಬಿಗೂ ನಂಟಿಲ್ಲ.

ಮೊದಲು ಇದ್ದದ್ದು ಪ್ರಾಣಿಯ ಕೊಂಬಾ, ಮರದ ಕೊಂಬೆಯಾ?

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ತಮಿಳಿನಲ್ಲಿ ಕೊಂಬು ಎಂದರೆ ಪ್ರಾಣಿಯ ಕೊಂಬೂ ಹೌದು, ಮರದ ಕೊಂಬೆಯೂ ಹೌದು. ಮಲಯಾಳಂನಲ್ಲೂ ಹಾಗೇ. ತೆಲುಗಿನಲ್ಲಿ ಕೊಮ್ಮು ಎಂದರೆ ಕೊಂಬು, ಕೊಮ್ಮ ಎಂದರೆ ಕೊಂಬೆ. ಕನ್ನಡದಲ್ಲೂ ಕೊನೆಯ ಸ್ವರ ಒಂದೇ ಬದಲು: ಕೊಂಬು, ಕೊಂಬೆ. ಕೋಡು ಎಂಬ ಇನ್ನೊಂದು ಪದಕ್ಕೂ ಹಳೆಯ ಭಾಷೆಯಲ್ಲಿ ಇದೇ ಜೋಡಿ ಅರ್ಥ. ಅದರ ಜೊತೆಗೆ ಆನೆಯ ದಂತ, ಬೆಟ್ಟದ ತುದಿ ಬೇರೆ. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೋ ಸೇರಿ 1961ರಲ್ಲಿ ತಂದ ದ್ರಾವಿಡ ನಿಘಂಟಿನಲ್ಲಿ ಕೊಂಬು, ದಂತ, ಕೊಂಬೆ ಈ ಮೂರೂ ಅರ್ಥಗಳು ಒಂದೇ ಪದದ ಕೆಳಗೆ ಸಾಲಾಗಿ ನಿಂತಿವೆ.

ಒಂದು ಭಾಷೆಯಲ್ಲಿ ಮಾತ್ರ ಹೀಗಿದ್ದರೆ ಯಾರೋ ಕವಿ ಹೋಲಿಸಿ ಹೇಳಿದ್ದು ನಿಂತುಬಿಟ್ಟಿದೆ ಅನ್ನಬಹುದಿತ್ತು. ಇಷ್ಟು ಭಾಷೆಗಳಲ್ಲಿ, ಅದೂ ಎರಡೆರಡು ಪದಗಳಿಗೆ ಒಂದೇ ಜೋಡಿ ಅರ್ಥ ಇರುವಾಗ ಆ ಮಾತು ನಿಲ್ಲುವುದಿಲ್ಲ. ನನಗೆ ಅನಿಸುವುದು ಇಷ್ಟು: ನಮ್ಮ ಹಿರೀಕರಿಗೆ ಇವು ಎರಡು ವಸ್ತುಗಳೇ ಆಗಿರಲಿಲ್ಲ. ಮೈಯಿಂದ ಮೊಳೆತು, ಹೊರಗೆ ಚಾಚಿ, ತುದಿ ಚೂಪಾದದ್ದು ಯಾವುದಾದರೂ ಕೊಂಬೇ. ಆ ಮೈ ಹಸುವಿನದಾಗಿರಲಿ, ಮಾವಿನ ಮರದ್ದಾಗಿರಲಿ, ನೆಲದೊಳಗಿನ ಗಡ್ಡೆಯದಾಗಿರಲಿ. ಪ್ರಾಣಿಯ ಕೊಂಬನ್ನು ನೋಡಿ ಉಳಿದವಕ್ಕೆ ಹೆಸರಿಟ್ಟರು ಎಂದುಕೊಂಡರೆ ಈ ಪದದ ಅರ್ಧ ಬಳಕೆಗಳು ಒಗಟಾಗುತ್ತವೆ. ಚಾಚಿದ್ದೆಲ್ಲ ಕೊಂಬು ಎಂದುಕೊಂಡರೆ ಕೆಳಗೆ ಬರುವ ಮುಕ್ಕಾಲು ಉತ್ತರಗಳು ತಾವಾಗಿಯೇ ಸಿಗುತ್ತವೆ.

ಕೊಂಬು ಮತ್ತು ಕೋಡು ಒಂದೇನಾ?

ಹಸುವಿನ ಮಟ್ಟಿಗೆ ಒಂದೇ. ಊರಿನ ಮೇಲೆ ಹೋಗುತ್ತದೆ. ಹಳೇ ಮೈಸೂರಿನ ಕಡೆ ಕೊಂಬು ಜಾಸ್ತಿ. ಉತ್ತರ ಕರ್ನಾಟಕದ ಮಾತಿನಲ್ಲಿ ಕೋಡು ಎಂಬುದು ಕ್ವಾಡ ಆಗುತ್ತದೆ, ಕೋಣ ಕ್ವಾಣ ಆದ ಹಾಗೆ.

ನುಡಿಗಟ್ಟಿಗೆ ಬಂದರೆ ಎರಡೂ ದಾರಿ ಬದಲಿಸುತ್ತವೆ. “ಅವನಿಗೇನು ಕೊಂಬು ಬಂದಿದೆಯಾ?” ಅಂದರೆ ಬೈಗುಳ. “ಮಗಳಿಗೆ ರ‍್ಯಾಂಕ್ ಬಂದದ್ದು ಕೇಳಿ ಅವರಿಗೆ ಕೋಡು ಮೂಡಿದಂತಾಯಿತು” ಅಂದರೆ ಹೆಮ್ಮೆ, ಖುಷಿ. ಎರಡರಲ್ಲೂ ತಲೆ ಸ್ವಲ್ಪ ಎತ್ತರವಾಗಿದೆ. ಒಂದನ್ನು ಎದುರಿನವರು ಸಹಿಸುವುದಿಲ್ಲ, ಇನ್ನೊಂದನ್ನು ಸಹಿಸುತ್ತಾರೆ, ಅಷ್ಟೇ. ಬೆಟ್ಟಕ್ಕೆ ಮಾತ್ರ ಯಾವಾಗಲೂ ಕೋಡು. ಬೆಟ್ಟದ ಕೊಂಬು ಅಂತ ಯಾರೂ ಅನ್ನುವುದಿಲ್ಲ.

“ನಿನಗೇನು ಎರಡು ಕೊಂಬಿದೆಯಾ” ಅಂತ ಯಾಕೆ ಕೇಳುತ್ತಾರೆ?

ಎಲ್ಲರಿಗೂ ಇಲ್ಲದ್ದು ನಿನಗೊಬ್ಬನಿಗೆ ಏನಿದೆ ಅನ್ನುವುದು ಇದರ ತಿರುಳು. ಸಾಲು ತಪ್ಪಿಸಿ ಮುಂದೆ ನುಗ್ಗಿದವರಿಗೆ, ಕೆಲಸ ಹಂಚುವಾಗ ಜಾರಿಕೊಳ್ಳುವವರಿಗೆ ಹೇಳಿ ಮಾಡಿಸಿದ ಪ್ರಶ್ನೆ. ಉತ್ತರ ಬಯಸಿ ಯಾರೂ ಕೇಳುವುದಿಲ್ಲ.

ಇದರ ನೆಂಟ ಒಂದು ಗಾದೆ ಇದೆ: ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಜೋರು. ಊರಿಂದೂರಿಗೆ ಮಾತು ಸ್ವಲ್ಪ ಬದಲಾಗುತ್ತದೆ, ತೆಲುಗಿನಲ್ಲೂ ಇದೇ ಗಾದೆ ಇದೆ. ಕರು ಹುಟ್ಟುವಾಗ ಕಿವಿ ಇರುತ್ತದೆ, ಕೊಂಬು ಇರುವುದಿಲ್ಲ. ಆಮೇಲೆ ಬಂದದ್ದು ಕಿವಿಗಿಂತ ಗಟ್ಟಿಯಾಗಿ, ಚೂಪಾಗಿ ಬೆಳೆದು ನಿಲ್ಲುತ್ತದೆ. ಹಳೆ ನೌಕರರು ಹೊಸ ಮ್ಯಾನೇಜರ್ ಬಗ್ಗೆ, ಹಿರಿ ಸೊಸೆ ಕಿರಿ ಸೊಸೆ ಬಗ್ಗೆ ಇದನ್ನು ಹೇಳುವುದು ಸುಮ್ನೆ ಅಲ್ಲ. ಕೊಟ್ಟಿಗೆಯಲ್ಲಿ ದಿನವೂ ಕರು ನೋಡಿದವರೇ ಕಟ್ಟಿದ ಗಾದೆ ಇದು.

ಅರಿಶಿನದ ಕೊಂಬಿಗೂ ಹಸುವಿನ ಕೊಂಬಿಗೂ ಏನು ಸಂಬಂಧ?

ಆಕಾರದ್ದು. ಅರಿಶಿನದ ಗಿಡ ಕಿತ್ತಾಗ ನಡುವೆ ಒಂದು ದಪ್ಪ ಗಡ್ಡೆ ಇರುತ್ತದೆ. ಅದರ ಪಕ್ಕದಿಂದ ಬೆರಳಿನ ಹಾಗೆ ಚಾಚಿದವೇ ಕೊಂಬು. ಇಂಗ್ಲಿಷಿನವರು ಇದನ್ನೇ ಬೆರಳು ಎಂದರು. ಬೇಯಿಸಿ, ಒಣಗಿಸಿ, ಹೊಳಪು ಕೊಟ್ಟ ಮೇಲೆ ಮಾರುಕಟ್ಟೆಗೆ ಬರುವಾಗ ಕೊಂಬು ಬೇರೆ, ಗಡ್ಡೆ ಬೇರೆ. ದರವೂ ಬೇರೆ.

ಪೂಜೆಗೆ, ಮದುವೆಗೆ ಪುಡಿಗಿಂತ ಕೊಂಬಿಗೇ ಮರ್ಯಾದೆ. ತಾಳಿ ಕಡಿದರೆ ಅಥವಾ ರಿಪೇರಿಗೆ ಕೊಟ್ಟರೆ, ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುವ ರೂಢಿ ಇಂದಿಗೂ ಇದೆ. ತೆಲುಗರಲ್ಲೂ ಇದಕ್ಕೆ ಪಸುಪು ಕೊಮ್ಮು ಎಂದೇ ಹೆಸರು.

ಶುಂಠಿಯ ಇಂಗ್ಲಿಷ್ ಹೆಸರಿನಲ್ಲೂ ಕೊಂಬು ಇದೆ ಅಂತಾರೆ, ನಿಜವಾ?

ಅರ್ಧ ನಿಜ. ಆ ಅರ್ಧವೇ ಸೊಗಸು. ಸಂಸ್ಕೃತದಲ್ಲಿ ಹಸಿ ಶುಂಠಿಗೆ ಶೃಂಗವೇರ ಎಂಬ ಹೆಸರಿದೆ. ಕೇಳಿದ ಕೂಡಲೇ ಕೊಂಬಿನಂಥ ಮೈ ಉಳ್ಳದ್ದು ಅನಿಸುತ್ತದೆ. ಶುಂಠಿ ನೋಡಿದರೆ ಹಾಗೇ ಇದೆ ಕೂಡ. ಪಾಲಿಯಲ್ಲಿ ಇದು ಸಿಂಗಿವೇರ. ವ್ಯಾಪಾರಿಗಳ ಜೊತೆ ಹಡಗು ಹತ್ತಿ ಗ್ರೀಕಿನಲ್ಲಿ ಜಿಂಗಿಬೆರಿಸ್ ಆಯಿತು. ಲ್ಯಾಟಿನ್ ದಾಟಿ ಕೊನೆಗೆ ಇಂಗ್ಲಿಷಿನಲ್ಲಿ ಜಿಂಜರ್.

ಆದರೆ ಭಾಷಾವಿಜ್ಞಾನಿಗಳು ಹಿಂದಕ್ಕೆ ಹೋಗಿ ನೋಡಿದಾಗ ಸಿಕ್ಕಿದ್ದು ದ್ರಾವಿಡ ಪದ. ತಮಿಳಿನಲ್ಲಿ ಶುಂಠಿಗೆ ಇಂಜಿ, ಬೇರಿಗೆ ವೇರ್. ಈ ಇಂಜಿವೇರ್ ಎಂಬ ದಕ್ಷಿಣದ ಪದವನ್ನು ಸಂಸ್ಕೃತದವರು ತಮಗೆ ಅರ್ಥವಾಗುವ ಹಾಗೆ ತಿದ್ದಿ ಶೃಂಗವೇರ ಮಾಡಿಕೊಂಡರು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅಂದರೆ ಕೊಂಬು ಆಮೇಲೆ ಮೂಡಿದ್ದು. ಗಾದೆಯ ಪ್ರಕಾರ ಅದೇ ಜೋರಾಯಿತು.

ಕಾಗುಣಿತದ ಕೊಂಬಿಗೆ ಆ ಹೆಸರು ಯಾಕೆ?

ತಲಕಟ್ಟು ಕ, ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ಕೊಂಬಿನ ಇಳಿ ಕೂ. ರಾಗವಾಗಿ ಹೇಳಿ ಕಲಿತವರಿಗೆ ಇದು ಮರೆಯುವುದಿಲ್ಲ. ಅಕ್ಷರದ ಬಲಕ್ಕೆ ಬಾಗಿ ಚಾಚಿಕೊಂಡ ಗೆರೆ ನೋಡಿ, ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ. ತೆಲುಗಿನಲ್ಲೂ ಉಕಾರದ ಗುರುತಿಗೆ ಕೊಮ್ಮು ಎಂದೇ ಹೆಸರು. ತಮಿಳಿನಲ್ಲಿ ಮಾತ್ರ ಕೊಂಬು ಎಕಾರಕ್ಕೆ ಹೋಗಿದೆ. ಅಕ್ಷರದ ಎಡಕ್ಕೆ ಸುರುಳಿಯಾಗಿ ನಿಲ್ಲುವ ಗುರುತು ಅಲ್ಲಿ ಒಂಟಿ ಕೊಂಬು, ದೀರ್ಘವಾದರೆ ಜೋಡಿ ಕೊಂಬು. ಸ್ವರ ಯಾವುದಾದರೇನು, ಚಾಚಿದ ಗೆರೆ ಕಂಡ ಕಡೆ ಹೆಸರು ಅದೇ.

ಮಕ್ಕಳಿಗೆ ಬರೆಯಲು ಕಲಿಸುವವರಿಗೆ ಒಂದು ಮಾತು. ‘ಪು’ ಮತ್ತು ‘ವು’ ಬರೆಯುವಾಗ ಕೊಂಬು ಸ್ವಲ್ಪ ಕೆಳಗಿನಿಂದ ಹೊರಡುತ್ತದೆ. ‘ವ’ಕ್ಕೆ ಎಂದಿನಂತೆ ಕೊಂಬು ಕೊಟ್ಟರೆ ಅದು ‘ಮ’ದ ಹಾಗೆ ಕಾಣುತ್ತದೆ. ಮಕ್ಕಳು ಇಲ್ಲಿ ತಪ್ಪಿದರೆ ಗದರಬೇಡಿ. ತಪ್ಪು ಅವರದಲ್ಲ, ಲಿಪಿಯದು.

ಊದುವ ಕೊಂಬು ನಿಜವಾದ ಕೊಂಬಿನಿಂದ ಮಾಡಿದ್ದಾ?

ಈಗ ಲೋಹದ್ದು. ತಾಮ್ರ, ಹಿತ್ತಾಳೆ, ಕಂಚು ಹೀಗೆ. ಅರ್ಧ ಚಂದ್ರನ ಹಾಗೆ ಬಾಗಿದ್ದು ಒಂದು ಬಗೆ, ಹಾವಿನಂತೆ ಎರಡು ಕಡೆ ತಿರುಗಿದ್ದು ಇನ್ನೊಂದು. ಆದರೆ ಆಕಾರ ನೋಡಿದರೆ ಮೂಲ ಹೊಳೆಯುತ್ತದೆ. ಪ್ರಾಣಿಯ ಕೊಂಬಿನ ಕವಚ ಮೂಳೆಯಿಂದ ಕಳಚಿದರೆ ಒಳಗೆ ಪೊಳ್ಳು. ತುದಿ ಕೊಯ್ದು ಊದಿದರೆ ಸದ್ದು ಬರುತ್ತದೆ. ಯಹೂದಿಗಳು ಹೊಸ ವರ್ಷಕ್ಕೆ ಊದುವ ಶೋಫಾರ್ ಇಂದಿಗೂ ಟಗರಿನ ಕೊಂಬೇ.

ಕೇರಳದ ಪಂಚವಾದ್ಯದ ಐದರಲ್ಲಿ ಒಂದು ಕೊಂಬು. ತಿಮಿಲ, ಮದ್ದಳ, ಇಲತ್ತಾಳ, ಇಡಕ್ಕ ಉಳಿದ ನಾಲ್ಕು. ಕೊಡಗಿನಲ್ಲಿ ಹಬ್ಬಕ್ಕೆ, ಮದುವೆಗೆ ಕೊಂಬು, ಕೊಟ್ಟ್, ವಾಲಗ ಇಲ್ಲದೆ ಆಗುವುದಿಲ್ಲ. ಅಲ್ಲಿನ ದೇವಸ್ಥಾನಗಳಲ್ಲಿ ಜಿಂಕೆಯ ಕೊಂಬು ಹಿಡಿದು ಕುಣಿಯುವ ಕೊಂಬಾಟ್ ಕೂಡ ಇದೆ. ಹಾಗಾಗಿ ಕೊಡವರ ಹಬ್ಬದಲ್ಲಿ ಊದುವ ಕೊಂಬು, ಹಿಡಿಯುವ ಕೊಂಬು ಎರಡನ್ನೂ ನೋಡಬಹುದು.

ಬಸ್ಸಿನ ಹಾರ್ನ್ ಕಥೆಯೂ ಇದೇ. ಇಂಗ್ಲಿಷಿನಲ್ಲಿ ಪ್ರಾಣಿಯ ಕೊಂಬಿಗೆ ಏನನ್ನುತ್ತಾರೋ ಊದುವ ಕೊಂಬಿಗೂ ಅದೇ ಪದ. ಆಮೇಲೆ ಅದು ಗಾಡಿ ಹತ್ತಿತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಯೋಚಿಸಲು ಒಳ್ಳೆಯ ವಿಷಯ.

ಶೃಂಗೇರಿ, ಸಿಂಗಾರ, ಸಾರಂಗಪಾಣಿ: ಇವುಗಳಲ್ಲೆಲ್ಲ ಕೊಂಬಿದೆಯಾ?

ಮೂರರಲ್ಲೂ ಸಂಸ್ಕೃತದ ಕೊಂಬಿದೆ. ಶೃಂಗೇರಿಯ ಹೆಸರು ಋಷ್ಯಶೃಂಗಗಿರಿಯಿಂದ ಬಂತು ಎಂಬುದು ನಡೆದುಬಂದ ನಂಬಿಕೆ. ತಲೆಯ ಮೇಲೆ ಕೊಂಬಿದ್ದ ಋಷಿ ಋಷ್ಯಶೃಂಗ. ಅಂಗ ದೇಶಕ್ಕೆ ಕಾಲಿಟ್ಟ ಕೂಡಲೇ ಅಲ್ಲಿ ಮಳೆ ಬಂತು ಅನ್ನುತ್ತದೆ ಕಥೆ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಸ್ಥಾನವಿದೆ. ಮಳೆ ಕೈಕೊಟ್ಟಾಗ ಜನ ಅಲ್ಲಿಗೆ ಹೋಗಿ ಪೂಜೆ ಮಾಡಿಸುತ್ತಾರೆ.

ವಿಷ್ಣುವಿನ ಬಿಲ್ಲು ಶಾರ್ಙ್ಗ. ಶೃಂಗದಿಂದ, ಅಂದರೆ ಕೊಂಬಿನಿಂದ ಮಾಡಿದ್ದು ಎಂದು ಅರ್ಥ. ಅದನ್ನು ಹಿಡಿದವನು ಶಾರ್ಙ್ಗಪಾಣಿ. ಆ ಹೆಸರು ನಾಲಿಗೆಗೆ ಕಷ್ಟ, ಅದಕ್ಕೆ ಸಾರಂಗಪಾಣಿ ಆಯಿತು. ಸಾರಂಗ ಎಂದರೆ ಜಿಂಕೆಯೂ ಹೌದು. ಹಾಗಾಗಿ ಕೈಯಲ್ಲಿ ಜಿಂಕೆ ಹಿಡಿದವನು ಎಂದುಕೊಳ್ಳುವವರಿದ್ದಾರೆ. ಜಿಂಕೆ ಹಿಡಿದವನು ಶಿವ!

ಸಿಂಗಾರ ಬಂದದ್ದು ಶೃಂಗಾರದಿಂದ. ಸಾಹಿತ್ಯದರ್ಪಣ ಬರೆದ ವಿಶ್ವನಾಥ, ಶೃಂಗ ಎಂದರೆ ಮನ್ಮಥ ಮೊಳೆಯುವುದು ಎಂದು ಬಿಡಿಸಿದ್ದಾನೆ. ಪ್ರೀತಿ ಕೊಂಬಿನ ಹಾಗೆ ಮೊಳೆಯುತ್ತದೆ ಅನ್ನುವುದು ಪಂಡಿತರ ಜಾಣ್ಮೆ ಇರಬಹುದು. ಆದರೂ ಮೊಳೆಯುವುದು, ಚಾಚುವುದು ಎಂಬ ಅರ್ಥ ಸಂಸ್ಕೃತದವರಿಗೂ ಹೊಳೆದಿತ್ತು ಅನ್ನುವುದು ನನಗೆ ಮುಖ್ಯ. ಶೃಂಗಕ್ಕೂ ನಮ್ಮ ಕೋಡಿನಂತೆ ಬೆಟ್ಟದ ತುದಿ ಎಂಬ ಅರ್ಥವಿದೆ. ಸ್ವಿಟ್ಜರ್ಲೆಂಡಿನ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಹೆಸರಿನ ಕೊನೆಯಲ್ಲಿರುವುದೂ ಕೊಂಬೇ.

ಪಂಜಾಬಿನ ಸಿಂಗ್ ಮಾತ್ರ ಈ ಗುಂಪಿನವನಲ್ಲ. ಅದು ಸಿಂಹದಿಂದ ಬಂದದ್ದು. ಹಿಂದಿಯಲ್ಲಿ ಕೊಂಬಿಗೆ ಸೀಂಗ್ ಅನ್ನುವುದರಿಂದ ಗೊಂದಲ.

ನಂಜನಗೂಡು, ಕೊಡಗು, ಕಂಬ?

ಮೂರೂ ಅಲ್ಲ. ನಂಜನಗೂಡಿನಲ್ಲಿ ಇರುವುದು ಗೂಡು. ಕೊಡಗಿನಲ್ಲಿ ‘ಕೊ’ ಗಿಡ್ಡ, ಕೋಡಿನಲ್ಲಿ ಉದ್ದ. ಕಂಬ ಸಂಸ್ಕೃತದ ಕಡೆಯಿಂದ ಬಂದದ್ದು. ತಮಿಳುನಾಡಿನ ತಿರುಚೆಂಗೋಡಿನಲ್ಲಿ ಮಾತ್ರ ನಿಜವಾದ ಕೋಡು ಇದೆ: ಕೆಂಪು ಬೆಟ್ಟ.

ವಚನಗಳಲ್ಲಿ ಬರುವ “ಕೊಂಬ”ವನ್ನು ನೋಡಿ ದಾರಿ ತಪ್ಪಬೇಡಿ. ಅದು ಕೊಳ್ಳುವ ಎಂಬುದರ ಹಳೆಯ ರೂಪ.

ಕೋಡುಬಳೆ?

ಕೋಡು ಮತ್ತು ಬಳೆ ಎರಡೂ ಕಿವಿಗೆ ಕೇಳಿಸುತ್ತವೆ. ಬಾಗಿಸಿದ ಅಕ್ಕಿಹಿಟ್ಟಿನ ಸುರುಳಿಗೆ ಎರಡೂ ಒಪ್ಪುತ್ತವೆ. ಇದರ ಮೇಲೆ ಜಾಸ್ತಿ ತಲೆ ಓಡಿಸುವುದಕ್ಕಿಂತ ಬಿಸಿಯಾಗಿರುವಾಗ ತಿನ್ನುವುದು ವಾಸಿ.

ಮೊಲದ ಕೊಂಬು ಅಂದರೆ?

ಇಲ್ಲವೇ ಇಲ್ಲದ ವಸ್ತು. ನಮ್ಮ ತರ್ಕಶಾಸ್ತ್ರದವರು ಏನಾದರೂ ಅಸಾಧ್ಯ ಎಂದು ಹೇಳಬೇಕಾದರೆ ಎತ್ತಿಕೊಳ್ಳುವ ಮೊದಲ ಉದಾಹರಣೆ. ಸಂಸ್ಕೃತ ಕವಿ ಭರ್ತೃಹರಿಯೂ ಇದನ್ನು ಬಳಸುತ್ತಾನೆ. ಮರಳು ಹಿಂಡಿ ಎಣ್ಣೆ ತೆಗೆಯಬಹುದು, ಅಲೆದಾಡಿ ಮೊಲದ ಕೊಂಬನ್ನಾದರೂ ಹುಡುಕಿ ತರಬಹುದು, ಹಟಮಾರಿ ಮೂರ್ಖನ ಮನಸ್ಸನ್ನು ಮಾತ್ರ ಒಲಿಸಲಾಗದು ಎನ್ನುತ್ತಾನೆ. ಸಾಹಿತ್ಯ, ಸಂಗೀತ ಗೊತ್ತಿಲ್ಲದವನು ಬಾಲ, ಕೊಂಬು ಇಲ್ಲದ ಪಶು ಎಂದು ಬೈದವನೂ ಇವನೇ. ಕೊಂಬು ಇದ್ದರೂ ಬೈಗುಳ, ಇಲ್ಲದಿದ್ದರೂ ಬೈಗುಳ.

ಬೆಂಗಳೂರಿನ ಕಂಪನಿಗಳಿಗೆ ಯೂನಿಕಾರ್ನ್ ಅನ್ನುವುದರಲ್ಲೂ ಇದೇನಾ?

ಹೌದು. ಲ್ಯಾಟಿನ್‌ನಲ್ಲಿ ಕೊಂಬಿಗೆ ಕಾರ್ನು. ಒಂದೇ ಕೊಂಬಿನದು ಯೂನಿಕಾರ್ನ್. ಕಣ್ಣಿನ ಕಾರ್ನಿಯಾ ಕೂಡ ಅಲ್ಲಿಂದಲೇ. ನೂರು ಕೋಟಿ ಡಾಲರ್ ಬೆಲೆ ಮುಟ್ಟಿದ ಸ್ಟಾರ್ಟಪ್‌ಗೆ ಈ ಹೆಸರನ್ನು ಅಮೆರಿಕದ ಹೂಡಿಕೆದಾರ್ತಿ ಐಲೀನ್ ಲೀ 2013ರಲ್ಲಿ ಬಳಸಿದರು. ಅಂಥವು ಸಿಗುವುದು ಅಪರೂಪ ಎಂಬ ಅರ್ಥದಲ್ಲಿ. ನಮ್ಮ ನೆಲದಲ್ಲಿ ಒಂಟಿ ಕೊಂಬಿನ ಪ್ರಾಣಿ ಅಷ್ಟು ಅಪರೂಪವೇನಲ್ಲ. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವ ಪ್ರಾಣಿ ಅದೇ.

ಗ್ರೀಕಿನಲ್ಲಿ ಕೊಂಬು ಕೆರಸ್. ಕೆರಾಟಿನ್ ಬಂದದ್ದು ಅದರಿಂದ. ಪಾರ್ಲರಿನಲ್ಲಿ ಕೂದಲಿಗೆ ಕೆರಾಟಿನ್ ಮಾಡಿಸಿಕೊಂಡವರು ಒಂದರ್ಥದಲ್ಲಿ ಕೊಂಬಿನ ಸೇವೆ ಮಾಡಿಸಿಕೊಂಡ ಹಾಗೆ. ಹಾರ್ನ್, ಕಾರ್ನು, ಕೆರಸ್, ಶೃಂಗ, ಶಿರಸ್ ಇವೆಲ್ಲ ಒಂದೇ ಬಳಗ. ನಮ್ಮ ಕೊಂಬು ಮತ್ತು ಕೋಡು ಆ ಬಳಗದವಲ್ಲ.

ಎರಡಕ್ಕಿಂತ ಹೆಚ್ಚು ಕೊಂಬಿರುವ ಪ್ರಾಣಿ ಕರ್ನಾಟಕದಲ್ಲಿ ಇದೆಯಾ?

ಇದೆ. ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು: ಎರಡು ಕಿವಿಗಳ ನಡುವೆ, ಎರಡು ಚಿಕ್ಕವು ಹಣೆಯ ಮೇಲೆ. ಹೆಣ್ಣಿಗೆ ಒಂದೂ ಇಲ್ಲ. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಇದಕ್ಕೆಂದೇ ಅಭಯಾರಣ್ಯವಿದೆ. ಗಾತ್ರದಲ್ಲಿ ಚಿಕ್ಕದು, ನಾಚಿಕೆಯ ಪ್ರಾಣಿ, ಒಂಟಿಯಾಗಿಯೋ ಜೋಡಿಯಾಗಿಯೋ ಓಡಾಡುತ್ತದೆ. ನಾಲ್ಕು ಕೊಂಬಿದ್ದೂ ಮನುಷ್ಯರ ಸುಳಿವು ಸಿಕ್ಕರೆ ಪೊದೆಯೊಳಗೆ ಮಾಯ.